ಎಡ ನಳಿಗೆ

ಹಲ್ಲಿನ ಡಾಕ್ಟರಿಗೆ ಎರಡು ಕೋಣೆಗಳಿದ್ದವು. ಮುಂದಿನ ಕೋಣೆಯಲ್ಲಿ ಮನುಷ್ಯರು ಬಾಯಿ ತೆರೆದು ಮಲಗುತ್ತಿದ್ದರು, ಹಿಂದಿನ ಕೋಣೆಯಲ್ಲಿ ಕೋವಿಗಳು. ಎರಡು ಕಡೆಗೂ ಕೊಕ್ಕೆ ಚಿಮಟಗಳು ಒಂದೇ ಎಂದು ಡಾಕ್ಟರ ಹೆಂಡತಿ ನೆಂಟರ ಮುಂದೆ ಹಂಗಿಸುತ್ತಿದ್ದಳು. "ಕುದಿಸಿ ತೊಳೀತಾರೆ, ಹೆದರ್ಕೋಬೇಡಿ" ಎಂದು ಕೊನೆಗೊಂದು ಸಮಾಧಾನವನ್ನೂ ಹೇಳುತ್ತಿದ್ದಳು. ಅವಳ ಮಾತು ಅರ್ಧ ನಿಜ. ಹಳೇ ಕೋವಿಯ ಸಂದಿಯಲ್ಲಿ ಕೂತ ತುಕ್ಕನ್ನು ಕೆರೆಯುವುದಕ್ಕೆ ಹಲ್ಲು ಕೆರೆಯುವ ಕೊಕ್ಕೆಯಂಥದ್ದು ಇನ್ನೊಂದಿಲ್ಲ. ಸವೆದು ಬಾಯಿಗೆ ಬೇಡವಾದ ಕೊಕ್ಕೆಗಳೆಲ್ಲ ಬಡ್ತಿ ಸಿಕ್ಕಿದವರ ಹಾಗೆ ಹಿಂದಿನ ಕೋಣೆಗೆ ಹೋಗುತ್ತಿದ್ದವು.

ಬೇಟೆಯ ಹಳೇ ಕೋವಿಗಳನ್ನು ಹುಡುಕಿ ತರುವುದು, ಬಿಚ್ಚುವುದು, ಮೊದಲಿನ ಹಾಗೆ ಮಾಡಿ ಗೋಡೆಗೆ ಹಾಕುವುದು, ಇದು ಅವರ ಹುಚ್ಚು. ಬೇಟೆಯ ಹುಚ್ಚಲ್ಲ, ನೆನಪಿರಲಿ. ಡಾಕ್ಟರು ಹುಟ್ಟಿದ ಮೇಲೆ ಒಂದು ಗುಬ್ಬಿಗೂ ಗುರಿ ಇಟ್ಟವರಲ್ಲ. ರಕ್ತ ಕಂಡರೆ ಆಗದ ಮನುಷ್ಯ ಹಲ್ಲು ಕೀಳುವ ಕೆಲಸಕ್ಕೆ ಹೇಗೆ ಬಂದರೋ ದೇವರೇ ಬಲ್ಲ.

ಮುಂದಿನ ಕೋಣೆಯ ಪರದೆಯಾಚೆ, ಕಾಯುವವರ ಬೆಂಚಿನ ಪಕ್ಕದಲ್ಲಿ, ಒಂದು ಮರದ ಕುರ್ಚಿ ಹಾಕಿಕೊಂಡು ಚಿಕ್ಕಪ್ಪ ಕೂರುತ್ತಿದ್ದ. ಡಾಕ್ಟರ ಅಪ್ಪನ ಒಬ್ಬನೇ ತಮ್ಮ. ಬಂದವರಿಗೆ ಬಿಲ್ಲೆ ಕೊಡುವುದು, ಸರದಿ ಕೂಗುವುದು, ಅಳುವ ಮಕ್ಕಳಿಗೆ ಕಿವಿ ಅಲ್ಲಾಡಿಸಿ ತೋರಿಸುವುದು ಅವನ ಕೆಲಸ. ರೋಗಿಗಳಿದ್ದಾಗ ಅಣ್ಣನ ಮಗನನ್ನು "ಡಾಕ್ಟರೇ, ನೀವು" ಎನ್ನುತ್ತಿದ್ದ. ಕೊನೆಯವನು ಮೆಟ್ಟಿಲಿಳಿದ ತಕ್ಷಣ "ಮರಿ, ಟೀ ಕುಡೀತೀಯಾ?" ಎನ್ನುತ್ತಿದ್ದ. ಬೀದಿಗೆಲ್ಲ ಅವನು ಚಿಕ್ಕಪ್ಪನೇ. ಅವನಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು.

ಚಿಕ್ಕಪ್ಪನಿಗೆ ಒಂದು ಚಾಳಿಯಿತ್ತು. ಏನು ಮಾಡಿದರೂ ಎರಡು ಸಲ ನೋಡಬೇಕು. ಒಲೆ ಆರಿಸಿದರೆ ಮತ್ತೆ ಹೋಗಿ ನೋಡಬೇಕು. ಬಿಲ್ಲೆ ಕೊಟ್ಟರೆ ಈಸಿಕೊಂಡು ಅಂಕಿ ಓದಿ ಮತ್ತೆ ಕೊಡಬೇಕು. ಸಂಜೆ ದವಾಖಾನೆಯ ಶಟರ್ ಎಳೆದು ಬೀಗ ಹಾಕಿದ ಮೇಲೆ ಒಮ್ಮೆ ಜಗ್ಗಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಇನ್ನೊಮ್ಮೆ ಜಗ್ಗಬೇಕು. ಎದುರಂಗಡಿ ದರ್ಜಿ ದಿನಾ ಅದನ್ನೇ ಕಾದಿದ್ದು, ಬಾಯಲ್ಲಿ ಸೂಜಿ ಕಚ್ಚಿಕೊಂಡೇ, "ಒಂದಾಯ್ತು! ಇನ್ನೊಂದು ಬಾಕಿ ಇದೆ ಚಿಕ್ಕಪ್ಪ!" ಎಂದು ಕೂಗುತ್ತಿದ್ದ. ಚಿಕ್ಕಪ್ಪ ನಗುತ್ತಿದ್ದ, ಆದರೆ ಜಗ್ಗದೆ ಮಾತ್ರ ಹೋಗುತ್ತಿರಲಿಲ್ಲ.

ಈ ಚಾಳಿ ಎಲ್ಲಿಂದ ಬಂತು ಎನ್ನುವುದು ಮನೆಯವರಿಗೆಲ್ಲ ಗೊತ್ತಿದ್ದ ಕಥೆ. ಮಳೆಗಾಲ ಬಂತು, ಚಳಿಗಾಲ ಬಂತು ಎಂದಷ್ಟು ಸಲೀಸಾಗಿ ಅದನ್ನು ಹೇಳುತ್ತಿದ್ದರು.

ಡಾಕ್ಟರಿಗೆ ಹಾಲುಹಲ್ಲು ಬೀಳುತ್ತಿದ್ದ ಕಾಲ. ಬೇಟೆಗೆ ಇನ್ನೂ ಅಡ್ಡಿ ಆತಂಕ ಇರಲಿಲ್ಲ. ಅಪ್ಪ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಕೈ ಅಂದರೆ ಕೈ. ಮನೆಯ ಬೀಗ, ಬಾಗಿಲ ಚಿಲಕ, ಅಡುಗೆಮನೆ ಚಾಕು, ಏನು ಕೆಟ್ಟರೂ ತಾನೇ ಮಾಡುತ್ತಿದ್ದ, ಮಾಡಿದ್ದರ ಮೇಲೆ ಉಳಿಯಿಂದ ಮೂರು ಪುಟ್ಟ ಚುಕ್ಕೆ ಹೊಡೆಯುತ್ತಿದ್ದ. ಅದು ಅವನ ರುಜು. ಅವನ ಹತ್ತಿರ ಒಂದು ಜೋಡಿನಳಿಗೆಯ ದೊಡ್ಡ ಕೋವಿಯಿತ್ತು. ಆನೆ, ಕಾಡುಕೋಣದಂಥ ದೊಡ್ಡ ಪ್ರಾಣಿಗೆಂದೇ ಮಾಡಿದ್ದು. ಇಂಥ ಕೋವಿಯಲ್ಲಿ ನಳಿಗೆ ಎರಡು, ತೋಟಾ ಎರಡು, ಟ್ರಿಗರ್ ಎರಡು. ಬಲಗಡೆಯದು ಮೊದಲ ಏಟಿಗೆ. ಎಡಗಡೆಯದು ಮೊದಲ ಏಟು ತಪ್ಪಿ ಪ್ರಾಣಿ ಮೈಮೇಲೆ ಬಂದರೆ ಜೀವ ಉಳಿಸಿಕೊಳ್ಳುವುದಕ್ಕೆ. ತೋಟಾ ತುಂಬಿ ಅಣ್ಣನ ಕೈಗೆ ಕೊಡುವುದು ತಮ್ಮನ ಕೆಲಸವಾಗಿತ್ತು.

ಒಂದು ಬೆಳಿಗ್ಗೆ ಜವುಗು ನೆಲದ ಪಕ್ಕ ಕಾಡುಕೋಣ ಎದುರಾಯಿತು. ಅಪ್ಪನ ಮೊದಲ ಏಟು ಭುಜಕ್ಕೆ ತಾಗಿತು, ಬೀಳಲಿಲ್ಲ, ತಿರುಗಿ ಬಂತು. ಅಪ್ಪ ಎಡಗಡೆಯ ಟ್ರಿಗರ್ ಎಳೆದ. ಟಕ್ ಎಂದಿತು, ಅಷ್ಟೇ. ಕೋಣ ಅವನ ಬಲಗಾಲನ್ನು ಮಂಡಿಯಿಂದ ಕೆಳಗೆ ನುಚ್ಚು ಮಾಡಿತು. ಚಿಕ್ಕಪ್ಪ ಬಿದ್ದ ಕೋವಿ ಎತ್ತಿಕೊಂಡು, ನಳಿಗೆ ಬಗ್ಗಿಸಿ ಬಾಯಿ ತೆರೆದು, ಒಳಗಿದ್ದದ್ದನ್ನು ಕೊಡವಿ, ಹೊಸದು ತುಂಬಿ, ಬಲಗಡೆಯದರ ಒಂದೇ ಏಟಿಗೆ ಕೋಣವನ್ನು ಕೆಡವಿದ. ಕೊಡವಿದ್ದು ಏನು, ಎಷ್ಟು ಎಂದು ನೋಡುವ ಸ್ಥಿತಿಯಲ್ಲಿ ಯಾರಿದ್ದರು? ಕೆಸರು ನುಂಗಿಕೊಂಡಿತು.

"ಎರಡನೇದು ಹಾಕಿರಲಿಲ್ಲ ಇವನು" ಎಂದ ಅಪ್ಪ, ಆಸ್ಪತ್ರೆಯ ಹಾಸಿಗೆಯಲ್ಲಿ.

"ಹಾಕಿದ್ದೆ ಅಣ್ಣ" ಎಂದ ತಮ್ಮ. ಮಾರನೇ ದಿನ "ಹಾಕಿದ್ದೆ ಅನ್ಸುತ್ತೆ" ಎಂದ. ಕಾಲು ತೆಗೆದ ದಿನ "ಹಾಕಿರಲಿಲ್ಲವೇನೋ" ಎಂದ. ಅಲ್ಲಿಂದಾಚೆ ಅವನೂ ಅದೇ ಕಥೆ ಹೇಳತೊಡಗಿದ. ಗೊತ್ತುಮಾಡಿದ್ದ ಮದುವೆ ಬಿಟ್ಟ. ಬೇರೆ ಊರಲ್ಲಿ ಸಿಕ್ಕಿದ್ದ ಕೆಲಸ ಬಿಟ್ಟ. ಅಣ್ಣನನ್ನು ಎತ್ತಿ ಕೂರಿಸಿದ, ಸ್ನಾನ ಮಾಡಿಸಿದ, ಅಣ್ಣನ ಮಗನನ್ನು ಸೈಕಲ್ ಮೇಲೆ ಶಾಲೆಗೆ ಬಿಟ್ಟ, ಅಣ್ಣ ಸಾಯುವ ತನಕ ಹಗಲು ರಾತ್ರಿ ಅವನ ಕಾಲಾಗಿ ಇದ್ದ. ಕೋವಿಯನ್ನು ಅಪ್ಪ ಆಸ್ಪತ್ರೆಯಿಂದ ಬಂದ ವಾರವೇ ಮಾರಿಸಿದ. ಕೊಳ್ಳುವವನು ಒಮ್ಮೆ ಬಿಚ್ಚಿ ನೋಡುತ್ತೇನೆ ಎಂದಾಗ "ಬಿಚ್ಚೋದು ಗಿಚ್ಚೋದು ಬೇಡ, ಇದ್ದ ಹಾಗೆ ತಗೊಂಡು ಹೋಗಿ" ಎಂದು ಸಿಡುಕಿದ್ದ. ಬಾಗಿಲ ಸಂದಿಯಲ್ಲಿ ನಿಂತಿದ್ದ ಮಗನಿಗೆ ಆ ಸಿಡುಕು ನೆನಪಿನಲ್ಲಿ ಉಳಿದಿತ್ತು. ಅಪ್ಪನಿಗೆ ಎಷ್ಟು ಸಂಕಟವಾಗಿರಬೇಕು ಪಾಪ, ಎಂದೇ ಅದನ್ನು ಅರ್ಥ ಮಾಡಿಕೊಂಡಿದ್ದ.

ಆ ಕೋವಿಯನ್ನು ಹುಡುಕಿ ತರಬೇಕೆಂಬುದು ಡಾಕ್ಟರ ಬಹಳ ಕಾಲದ ಆಸೆ. ಕೊನೆಗೆ ಅದು ಸಿಕ್ಕಿದ್ದು ಒಂದು ಹಳೇ ಹೋಟೆಲಿನ ಊಟದ ಮನೆಯಲ್ಲಿ, ದೂಳು ಹಿಡಿದ ಕೋಣದ ತಲೆಯ ಕೆಳಗೆ. ಕೊಂಡವನು ಒಂದು ಸಲವೂ ಹಾರಿಸದೆ ಮೊಳೆಗೆ ನೇತುಹಾಕಿದ್ದ. ಎಷ್ಟೋ ಊಟದ ಎಣ್ಣೆಹೊಗೆ ಅದರ ಮೇಲೆ ಪದರ ಪದರವಾಗಿ ಕೂತಿತ್ತು. ಹಿಡಿಯ ಮೇಲೆ ಅಪ್ಪನ ಹೆಸರಿನ ಅಕ್ಷರ ಕಂಡಾಗ ಡಾಕ್ಟರ ಕಣ್ಣಲ್ಲಿ ನೀರು ಬಂತು. ಕಾಗದಪತ್ರ ಎಲ್ಲ ಮುಗಿಸಿ ಹಿಂದಿನ ಕೋಣೆಗೆ ತಂದರು.

ಚಿಕ್ಕಪ್ಪ ಅದನ್ನು ದೂರದಿಂದ ನೋಡಿದ. ಹತ್ತಿರ ಬರಲಿಲ್ಲ.

"ಮುಟ್ಟಿ ನೋಡು ಚಿಕ್ಕಪ್ಪ, ಏನೂ ಮಾಡಲ್ಲ" ಎಂದರು ಡಾಕ್ಟರು.

"ಮಾಡೋದೆಲ್ಲ ಮಾಡಿ ಆಗಿದೆಯಲ್ಲ ಮರಿ. ನೀನು ಚೆನ್ನಾಗಿ ಮಾಡಿಡು. ಅಣ್ಣನ ಸಾಮಾನು" ಎಂದು ಅವನು ತನ್ನ ಕುರ್ಚಿಗೆ ಹೋದ. ಹೋದವನು ಮತ್ತೆ ಬಂದು, ಬಾಗಿಲಲ್ಲೇ ನಿಂತು, "ಒಳಗೆ ತೋಟಾ ಇಲ್ಲ ತಾನೆ? ಎರಡೂ ಕಡೆ ನೋಡ್ದೆಯಾ?" ಎಂದು ಕೇಳಿದ.

ಸಂಗ್ರಹಕಾರರ ಸಂಘದ ಪ್ರದರ್ಶನ ಹತ್ತಿರವಿತ್ತು. ಈ ಸಂಘದ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹಳೇ ಕಬ್ಬಿಣಕ್ಕೆ ಮರುಳಾದ ದೊಡ್ಡ ಮನುಷ್ಯರೆಲ್ಲ ಸೇರಿ ಕಟ್ಟಿಕೊಂಡದ್ದು ಅದು. ಸ್ಕ್ರೂವಿನ ತಲೆಯ ಗೀರು ಯಾವ ಕಡೆಗೆ ತಿರುಗಿದೆ ಎಂದು ಅರ್ಧ ದಿನ ಜಗಳವಾಡುತ್ತಾರೆ. ಅವರ ಬಾಯಲ್ಲಿ ದೊಡ್ಡ ಮಾತೆಂದರೆ 'ಅಸಲಿ'. ಎಲ್ಲ ಅಸಲಿ ಭಾಗಗಳಿದ್ದು, ಜೊತೆಗೊಂದು ಅಸಲಿ ಕಥೆಯೂ ಇದ್ದರೆ ಬಹುಮಾನದ ಬಟ್ಟಲು ಅದಕ್ಕೇ. ಡಾಕ್ಟರು ಹಲವು ವರ್ಷದಿಂದ ಆ ಬಟ್ಟಲಿನ ಮೇಲೆ ಕಣ್ಣಿಟ್ಟಿದ್ದರು. ಪ್ರತಿ ಸಲವೂ ಸಂಘದ ಅಧ್ಯಕ್ಷರು, ಗಿರಣಿ ಮಾಲೀಕರು, ಮೀಸೆಯ ತುದಿ ಹುರಿ ಮಾಡುತ್ತ "ಎಲ್ಲ ಚೆನ್ನಾಗಿದೆ ಡಾಕ್ಟರೇ, ಆದ್ರೆ ಕಥೆ ಇಲ್ಲ" ಎಂದು ಸಾಗಹಾಕುತ್ತಿದ್ದರು. ಈ ಸಲ ಕಥೆಗೇನು ಬರ?

ಡಾಕ್ಟರು ಕೆಲಸ ಶುರುಮಾಡಿದರು. ಹಿಡಿಯ ಮರಕ್ಕೆ ಕೂತಿದ್ದ ಜಿಡ್ಡನ್ನು ಮೆತ್ತಗೆ ಒರೆಸಿ ತೆಗೆದರು. ಒದ್ದೆ ಬಟ್ಟೆ ಹಾಸಿ ಮೇಲೆ ಇಸ್ತ್ರಿಪೆಟ್ಟಿಗೆಯ ಬಿಸಿ ತಾಗಿಸಿ ತಗ್ಗುಗಳನ್ನು ಉಬ್ಬಿಸಿದರು. ಅಗಸೆ ಎಣ್ಣೆಯನ್ನು ಅಂಗೈಯಲ್ಲೇ ತಿಕ್ಕಿ ತಿಕ್ಕಿ ಕುಡಿಸಿದರು. ಮರದ ಒಳಗಿನ ಕಂದು ಗೆರೆಗಳು ನಿದ್ದೆಯಿಂದ ಎದ್ದವು. ನಳಿಗೆಗಳನ್ನು ಉಜ್ಜಿದರು. ಆಮೇಲೆ ಬಲಗಡೆಯ ಯಂತ್ರ ಬಿಚ್ಚಿದರು. ಎಲ್ಲ ಸರಿಯಾಗಿತ್ತು. ಕೊನೆಗೆ ಎಡಗಡೆಯದು.

ತೋಟಾದ ಬೆನ್ನಿಗೆ ಬಡಿದು ಅದನ್ನು ಸಿಡಿಸುವ ಪಿನ್ನು ಅಲ್ಲಿರುತ್ತದೆ, ಕಿರುಬೆರಳಿನ ಅರ್ಧದಷ್ಟು. ಚಿಮಟದಲ್ಲಿ ಹಿಡಿದು ಎಳೆದರು. ಬಂದದ್ದು ಮೊಂಡು. ಮೂತಿ ಇಲ್ಲ. ಬಾಯಿ ನೋಡುವ ಪುಟ್ಟ ಕನ್ನಡಿ ತೂರಿಸಿ ಒಳಗೆ ನೋಡಿದರೆ, ಮುರಿದ ಮೂತಿ ತೂತಿನಲ್ಲೇ ಸಿಕ್ಕಿಕೊಂಡು ಕೂತಿತ್ತು. ಕಿತ್ತರು. ಮುರಿದ ಜಾಗದಲ್ಲಿ ಹಳೇ ತುಕ್ಕು. ತುಕ್ಕಿನ ಕೆಳಗೆ ಉಕ್ಕು ಕಲ್ಲುಸಕ್ಕರೆ ಒಡೆದ ಹಾಗೆ ಹರಳು ಹರಳಾಗಿತ್ತು. ಅರ ಹಚ್ಚಿ ನೋಡಿದರು. ಗಾಜಿನ ಮೇಲೆ ಆಡಿಸಿದ ಹಾಗೆ ಅರ ಜಾರಿತು.

ಇದರ ಅರ್ಥ ಆ ಕೆಲಸ ಗೊತ್ತಿದ್ದವನಿಗೆ ಬಿಡಿಸಿ ಹೇಳಬೇಕಿಲ್ಲ. ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಡಸಾಗುತ್ತದೆ, ಆದರೆ ಪೆಳಸಾಗಿರುತ್ತದೆ, ಬಡಿದರೆ ಒಡೆಯುತ್ತದೆ. ಮತ್ತೊಮ್ಮೆ ಸಣ್ಣ ಉರಿಯಲ್ಲಿ ಕಾಯಿಸಿ ಆ ಗಡಸನ್ನು ಸ್ವಲ್ಪ ಇಳಿಸಬೇಕು. ಆಗಲೇ ಅದು ಏಟು ತಡೆಯುವುದು. ಈ ಎರಡನೇ ಸಲದ ಕಾಯಿಸುವಿಕೆಯನ್ನು ಯಾರೋ ಬಿಟ್ಟಿದ್ದರು. ಒಂದು ಸಲ ಮಾಡಿ ಸಾಕೆಂದಿದ್ದರು.

ಡಾಕ್ಟರು ಪಿನ್ನನ್ನು ತಿರುಗಿಸಿದರು. ಬುಡದಲ್ಲಿ ಮೂರು ಪುಟ್ಟ ಚುಕ್ಕೆ.

ಅವತ್ತು ಟಕ್ ಎಂದದ್ದು ಇದು. ನಳಿಗೆ ಖಾಲಿ ಎನ್ನುವುದಕ್ಕೆ ಆ ಸದ್ದು ಬಿಟ್ಟರೆ ಬೇರೆ ಸಾಕ್ಷಿ ಯಾವತ್ತೂ ಇರಲಿಲ್ಲ. ಎಡ ನಳಿಗೆಯಲ್ಲಿ ತೋಟಾ ಇತ್ತು. ಚಿಕ್ಕಪ್ಪ ಎರಡೂ ಹಾಕಿದ್ದ. ಸಿಡಿಯಲಿಲ್ಲ, ಅಷ್ಟೇ. ಅಪ್ಪನೇ ಮಾಡಿದ ಪಿನ್ನು, ಅಪ್ಪನೇ ಆತುರಪಟ್ಟದ್ದು, ಅಪ್ಪನ ಕಾಲು. ಬಿಚ್ಚಬೇಡಿ ಎಂದು ಸಿಡುಕಿದವನೂ ಅಪ್ಪನೇ. ಆ ಸಿಡುಕಿಗೆ ಈಗ ಇನ್ನೊಂದು ಅರ್ಥ ಬಂತು, ಆ ಅರ್ಥ ಮಗನಿಗೆ ಬೇಡವಾಗಿತ್ತು.

ಬಾಗಿಲು ತಟ್ಟಿದ ಸದ್ದು. "ಮರಿ, ಟೀ" ಎಂದು ಚಿಕ್ಕಪ್ಪ ಲೋಟ ಚಾಚಿದ. ಒಳಗೆ ಬರಲಿಲ್ಲ. "ಹೇಗಿದೆ? ಎರಡೂ ಕಡೆ ಸರಿ ಇದೆಯಾ?"

ಕೂಡಲೇ ಹೇಳಬಹುದಿತ್ತು. ಲೋಟ ಈಸಿಕೊಳ್ಳುವಷ್ಟು ಸುಲಭವಾಗಿ ಹೇಳಬಹುದಿತ್ತು. ಡಾಕ್ಟರು ಪಿನ್ನಿನ ಮೇಲೆ ಅಂಗೈ ಮುಚ್ಚಿ, "ಹೂಂ, ಎಲ್ಲ ಸರಿ ಇದೆ" ಎಂದರು.

ಆಮೇಲೆ ಯೋಚಿಸಿದರು. ಮನಸ್ಸು ಎಂಥ ವಕೀಲ ಅಂತೀರಿ! ಕಕ್ಷಿದಾರ ಕೇಳುವ ಮೊದಲೇ ವಾದ ತಯಾರು. ಸತ್ತ ಅಪ್ಪನ ಮೇಲೆ ಈಗ ಅಪವಾದ ಹೊರಿಸಬೇಕೇ? ಚಿಕ್ಕಪ್ಪ ಹೇಗೋ ಆ ಕಥೆಗೆ ಒಗ್ಗಿಕೊಂಡು ನೆಮ್ಮದಿಯಾಗಿದ್ದಾನೆ, ಮುದಿ ವಯಸ್ಸಲ್ಲಿ ಕೆದಕಬೇಕೇ? ಪ್ರದರ್ಶನ ಮುಗಿಯಲಿ, ನಿಧಾನವಾಗಿ ಹೇಳಿದರಾಯಿತು. ಇಷ್ಟೆಲ್ಲ ವಾದದ ಅಡಿಯಲ್ಲಿ ಬಟ್ಟಲು ಹೊಳೆಯುತ್ತಿತ್ತು. ಹೊಸ ಪಿನ್ನು ಹಾಕಿದ್ದೇನೆ ಎಂದರೆ ಕೋವಿ ಅಸಲಿಯಾಗಿ ಉಳಿಯುವುದಿಲ್ಲ, ಎಡ ನಳಿಗೆಯಲ್ಲಿ ತೋಟಾ ಇತ್ತು ಎಂದರೆ ಕಥೆ ಕಥೆಯಾಗಿ ಉಳಿಯುವುದಿಲ್ಲ. ಡಾಕ್ಟರಿಗೆ ಇದೂ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದರು.

ಹೊಸ ಪಿನ್ನು ಮಾಡಿದರು. ಒಮ್ಮೆ ಕಾಯಿಸಿ ಅದ್ದಿ, ಮತ್ತೊಮ್ಮೆ ಕಾಯಿಸಿ ಹದ ಇಳಿಸಿದರು. ಕೆಲಸದಲ್ಲಿ ಅಪ್ಪನಿಗಿಂತ ಮಗ ಪ್ರಾಮಾಣಿಕ. ಆಮೇಲೆ ಅದಕ್ಕೆ ವಿನೆಗರ್ ಹಚ್ಚಿ, ಟೀ ಡಿಕಾಕ್ಷನ್‌ನಲ್ಲಿ ನೆನೆಸಿ, ಹಳೆಯದರಂತೆ ಕಪ್ಪು ಮಾಡಿದರು. ಆ ಟೀ ಚಿಕ್ಕಪ್ಪ ತಂದುಕೊಟ್ಟದ್ದೇ. ಮುರಿದ ತುಂಡುಗಳನ್ನು ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿದರು. ಕಿತ್ತ ಹಲ್ಲನ್ನು ಮಕ್ಕಳ ಕೈಗೆ ಕೊಡುವುದಕ್ಕೆಂದು ಇಟ್ಟಿದ್ದ ಡಬ್ಬಿ ಅದು. ಬಿಳಿ ಕೋಟಿನ ಜೇಬಿಗೆ ಅದು ಸೇರಿತು. ಎಸೆಯಲು ಕೈ ಬರಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವರು.

ಅವತ್ತು ಮಧ್ಯಾಹ್ನ ಒಬ್ಬ ರೋಗಿ, "ನೋವು ಹೋಗೋ ಹಾಗೆ ಮೇಲೊಂದು ಸಿಮೆಂಟ್ ತುಂಬಿಬಿಡಿ ಡಾಕ್ಟರೇ, ಕೊರೆಯೋದೆಲ್ಲ ಬೇಡ" ಎಂದ. ಡಾಕ್ಟರು ದಿನಕ್ಕೆ ಹತ್ತು ಸಲ ಹೇಳುವ ಮಾತನ್ನೇ ಹೇಳಲು ಬಾಯಿ ತೆಗೆದರು: ಹುಳುಕು ಒಳಗೆ ಬಿಟ್ಟು ಮೇಲೆ ತುಂಬಬಾರದು. ತೆರೆದ ಬಾಯಿ ಮುಚ್ಚಿದರು. ಸುಮ್ಮನೆ ಕೊರೆದರು.

ಪ್ರದರ್ಶನದ ದಿನ ಚಿಕ್ಕಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತ. ಹೆಂಡತಿ ಪಕ್ಕದಲ್ಲಿ. ದೊಡ್ಡ ಸಭಾಂಗಣ, ಎತ್ತರದ ಕಿಟಕಿಗಳು, ಹಸಿರು ಬಟ್ಟೆ ಹಾಸಿದ ಮೇಜು, ಮೇಜಿನ ಮೇಲೆ ಅಪ್ಪನ ಕೋವಿ. ನಿನ್ನೆ ಮೊನ್ನೆ ಮಾಡಿದಂತೆ ಮಿರುಗುತ್ತಿತ್ತು.

"ಒಳಗಿನದೆಲ್ಲ ಅಸಲಿಯೇನ್ರೀ?" ಎಂದು ಅಧ್ಯಕ್ಷರು ಕೇಳಿದರು.

"ಅಸಲಿ" ಎಂದರು ಡಾಕ್ಟರು.

"ಹಾಗಾದ್ರೆ ಕಥೆ ಹೇಳಿ."

ಹೇಳಬೇಕಲ್ಲ, ಹೇಳಿದರು. ಮೊದಮೊದಲು ತಡವರಿಸಿದರು. ಆಮೇಲೆ ಜನ ಮುಂದಕ್ಕೆ ಬಾಗಿ ಕೇಳತೊಡಗಿದಾಗ ನಾಲಿಗೆಗೆ ಹುರುಪು ಬಂತು. ಕೋಣ ಬಂದದ್ದು, ಟಕ್ ಎಂದದ್ದು, ಖಾಲಿ ನಳಿಗೆ. ಅದಷ್ಟೇ ಆಗಿದ್ದರೆ ಕ್ಷಮಿಸಬಹುದಿತ್ತು. ಜನ ಗಂಭೀರವಾದರು ಎಂದು ನಗಿಸಲು ಇನ್ನೊಂದು ಸೇರಿಸಿದರು: "ಅವತ್ತಿಂದ ನಮ್ಮ ಚಿಕ್ಕಪ್ಪ ಬಾಗಿಲಿಗೆ ಬೀಗ ಹಾಕಿದ್ರೂ ಎರಡು ಸಲ ಜಗ್ಗಿ ನೋಡ್ತಾನೆ." ಸಭೆ ಹೋ ಎಂದು ನಕ್ಕಿತು.

"ಅವರು ಬಂದಿದಾರಾ?" ಎಂದು ಅಧ್ಯಕ್ಷರು ಕೇಳಿದರು.

ಡಾಕ್ಟರ ಕೈ ತಾನಾಗಿ ಮುಂದಿನ ಸಾಲಿನತ್ತ ಚಾಚಿತು. ಚಿಕ್ಕಪ್ಪ ಎದ್ದು ನಿಂತ. ತಿರುಗಿ ಜನರನ್ನು ನೋಡಿದ. ಶಾಲೆಯಲ್ಲಿ ಮೇಷ್ಟರು ನಿಲ್ಲಿಸಿದ ಹುಡುಗನ ಹಾಗೆ ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು, "ಹೌದು, ನಾನೇ. ನಂದೇ ತಪ್ಪು" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ಸಣ್ಣಗೆ ನಕ್ಕ. ಡಾಕ್ಟರು ಕೋಟಿನ ಜೇಬು ಮುಟ್ಟಿ ನೋಡಿಕೊಂಡರು. ಇದು ಬೇರೆ ಕೋಟು, ಡಬ್ಬಿ ಅದರಲ್ಲಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಆಯಿತು.

ಬಟ್ಟಲು ಬಂತು. ಬೆಳ್ಳಿಯ ಬಣ್ಣದ್ದು, ಎರಡು ಕಿವಿಯದು. ಮನೆಗೆ ಬರುವ ದಾರಿಯಲ್ಲಿ ಹೆಂಡತಿ ಬೇಕೆಂದೇ ಹಿಂದೆ ಉಳಿದಳು. ಚಿಕ್ಕಪ್ಪ ಮುಂದೆ ನಡೆದಾಗ ಮೆಲ್ಲಗೆ, "ಮಾವನ್ನ ಎದ್ದು ನಿಲ್ಲಿಸ್ಬೇಕಿತ್ತಾ?" ಎಂದಳು.

"ತಮಾಷೆಗೆ. ಅವನೂ ನಕ್ಕ ನೋಡಿಲ್ವಾ?"

"ನೋಡ್ದೆ" ಎಂದಳು ಅವಳು.

ಬಟ್ಟಲನ್ನು ದವಾಖಾನೆಯಲ್ಲೇ ಇಡಬೇಕು ಎಂದವನು ಚಿಕ್ಕಪ್ಪ. ತನ್ನ ಕುರ್ಚಿಯ ಪಕ್ಕದ ಗೂಡಿನಲ್ಲಿ ಇಟ್ಟುಕೊಂಡ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒರೆಸುತ್ತಿದ್ದ. ಬಂದವರಿಗೆಲ್ಲ ತೋರಿಸುತ್ತಿದ್ದ. ಕೆನ್ನೆ ಊದಿಸಿಕೊಂಡು ಕೂತವರು ಬೇಡ ಎನ್ನುವಂತಿಲ್ಲ, ಕೇಳಲೇಬೇಕು.

"ನಮ್ಮ ಡಾಕ್ಟರಿಗೆ ಬಂದಿದ್ದು. ಏನು ಕೈ ಅಂತೀರಿ, ಅವರಪ್ಪಂದೇ ಕೈ. ಆ ಕೋವಿ ಕಥೆ ಗೊತ್ತಾ ನಿಮಗೆ? ಎರಡನೇ ತೋಟಾ ಹಾಕೋದು ಮರೆತವನು ಒಬ್ಬ ಇದ್ದ. ಯಾರು ಹೇಳಿ ನೋಡೋಣ?" ಎಂದು ಎದೆ ತಟ್ಟಿಕೊಳ್ಳುತ್ತಿದ್ದ. "ನಾನೇ! ಆ ಮಹಾನುಭಾವ ನಾನೇ!"

ಇಷ್ಟು ಕಾಲ ಮನೆಯೊಳಗಿದ್ದ ಮಾತು ಈಗ ಬೆಂಚಿನ ಮೇಲೆ ಬಂದು ಕೂತಿತು. ಸಭೆಯಲ್ಲಿ ಜನ ನಕ್ಕು ಚಪ್ಪಾಳೆ ತಟ್ಟಿದ ಮೇಲೆ ಅವನಿಗೆ ಅದನ್ನು ಹೇಳಿಕೊಳ್ಳಬಹುದು ಎನಿಸಿತ್ತೋ, ತಾನೇ ಮೊದಲು ಹೇಳಿಬಿಟ್ಟರೆ ಬೇರೆಯವರು ಹೇಳುವುದು ತಪ್ಪುತ್ತದೆ ಎನಿಸಿತ್ತೋ. ಒಳಗೆ ಡಾಕ್ಟರು ಯಾರದೋ ಬಾಯಿಗೆ ಬಾಗಿ ನಿಂತಿದ್ದಾಗ ಪರದೆಯ ಆಚೆಯಿಂದ ಆ "ನಾನೇ!" ದಿನಾ ಕೇಳಿಸುತ್ತಿತ್ತು. ಪ್ರದರ್ಶನ ಮುಗಿಯಲಿ ಎಂದಿದ್ದರು, ಮುಗಿದಿತ್ತು. ಈ ವಾರ ಕಳೆಯಲಿ ಎಂದರು, ಕಳೆಯಿತು. ಊಟ ರುಚಿಸಲಿಲ್ಲ. ಹಿಂದಿನ ಕೋಣೆಗೆ ಹೋಗುವುದನ್ನೇ ಬಿಟ್ಟರು. ಚಿಕ್ಕಪ್ಪ ಟೀ ತಂದರೆ ಮುಖ ನೋಡದೆ ಈಸಿಕೊಳ್ಳುತ್ತಿದ್ದರು.

ಒಂದು ಸಂಜೆ ಕೊನೆಯ ರೋಗಿಯಾಗಿ ತಾಯಿಯ ಜೊತೆ ಒಬ್ಬಳು ಪುಟ್ಟ ಹುಡುಗಿ ಬಂದಿದ್ದಳು. ಚಿಕ್ಕಪ್ಪ ಅವಳಿಗೂ ಕಥೆ ಹೇಳಿದ. ಅವಳು ಗಂಭೀರವಾಗಿ ಕೇಳಿ, "ನಿಮ್ಮಣ್ಣ ನಿಮಗೆ ಹೊಡೆದ್ರಾ ಅಜ್ಜ?" ಎಂದಳು. "ಇಲ್ಲ ಪುಟ್ಟಿ. ಒಂದ್ಸಲ ಹೊಡೆದಿದ್ರೆ ಚೆನ್ನಾಗಿತ್ತು" ಎಂದ ಚಿಕ್ಕಪ್ಪ. ಅವನ ದನಿಯಲ್ಲಿ ನಗು ಇರಲಿಲ್ಲ. ಒಳಗಿದ್ದ ಡಾಕ್ಟರು ಕೈಯಲ್ಲಿದ್ದ ಕೊಕ್ಕೆಯನ್ನು ತಟ್ಟೆಯಲ್ಲಿಟ್ಟರು.

ಹುಡುಗಿ, ಅವಳ ತಾಯಿ ಹೋದ ಮೇಲೆ ಕರೆದರು. "ಚಿಕ್ಕಪ್ಪ, ಬಾ ಇಲ್ಲಿ. ಕೂತ್ಕೋ."

"ಶಟರ್ ಹಾಕಿ ಬರ್ತೀನಿ ತಾಳು."

"ಆಮೇಲೆ ಹಾಕುವಿಯಂತೆ."

ಬೇರೆ ಕುರ್ಚಿ ಇರಲಿಲ್ಲ. ಅವನು ರೋಗಿಗಳ ದೊಡ್ಡ ಕುರ್ಚಿಯ ಅಂಚಿನಲ್ಲಿ ಕೂತ. ಡಾಕ್ಟರು ಜೇಬಿನಿಂದ ಡಬ್ಬಿ ತೆಗೆದು ಅವನ ಅಂಗೈ ಮೇಲಿಟ್ಟರು.

"ಯಾರ ಹಲ್ಲೋ ಇದು?" ಎಂದು ಚಿಕ್ಕಪ್ಪ ಮುಚ್ಚಳ ತೆಗೆದ.

ಡಾಕ್ಟರು ಹೇಳಿದರು. ಮಾತು ಉಲ್ಟಾಪಲ್ಟಾ ಬಂತು. ಆದರೂ ಪೂರ್ತಿ ಹೇಳಿದರು. ಪಿನ್ನು ಮುರಿದದ್ದು, ಯಾಕೆ ಮುರಿದದ್ದು, ಯಾರು ಮಾಡಿದ್ದು. "ನೀನು ಎರಡೂ ಹಾಕಿದ್ದೆ ಚಿಕ್ಕಪ್ಪ. ತೋಟಾ ಒಳಗೇ ಇತ್ತು. ಇದು ಅದನ್ನ ಮುಟ್ಟಲೇ ಇಲ್ಲ."

ಚಿಕ್ಕಪ್ಪ ದೀಪವನ್ನು ತಾನೇ ತನ್ನತ್ತ ಎಳೆದುಕೊಂಡ. ತುಂಡನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಚುಕ್ಕೆಗಳನ್ನು ಸವರಿದ.

"ಅಣ್ಣಂದು" ಎಂದ. "ಬೇಟೆಗೆ ಹೊರಡೋ ಹಿಂದಿನ ದಿನ ಕೂತು ಮಾಡಿದ. ನಾನೇ ತಿದಿ ಒತ್ತಿದ್ದು. ಇನ್ನೊಂದ್ಸಲ ಕಾಯಿಸ್ಬೇಕಲ್ವಾ ಅಂತ ಕೇಳಿದ್ನೋ ಏನೋ. ಕೇಳಲಿಲ್ಲ ಅನ್ಸುತ್ತೆ. ಕೇಳ್ಬೇಕಿತ್ತು ನಾನು."

"ಚಿಕ್ಕಪ್ಪ! ಇದರಲ್ಲೂ ನಿನ್ನ ತಪ್ಪು ಹುಡುಕ್ಬೇಡ!"

ಅವನಿಗೆ ಕೇಳಿಸಲಿಲ್ಲ. ಅವನ ಬಲಗೈ ಗಾಳಿಯಲ್ಲಿ ಏನನ್ನೋ ಮಾಡುತ್ತಿತ್ತು. ಎರಡು ಬೆರಳಿನಲ್ಲಿ ಹಿಡಿದು ಒಂದನ್ನು ಇಳಿಸಿತು, ಮತ್ತೊಂದನ್ನು ಇಳಿಸಿತು, ಅಂಗೈ ಎತ್ತಿ ಮುಚ್ಚಿತು. ಮತ್ತೆ ಅದನ್ನೇ ಮಾಡಿತು. ಒಂದು, ಇನ್ನೊಂದು, ಮುಚ್ಚು.

"ಹಾಕಿದ್ದೆ" ಎಂದ. "ಹಾಕಿದ್ದೆ ಕಣೋ ಮರಿ. ಬೆರಳಿಗೆ ಗೊತ್ತಿತ್ತು ನೋಡು. ನನಗೇ ಗೊತ್ತಿರಲಿಲ್ಲ." ಅವನ ಮುಖದಲ್ಲಿ ನಗು ಹರಡಿತು. ಡಾಕ್ಟರು ಹುಟ್ಟಿದಾರಭ್ಯ ಆ ನಗುವನ್ನು ಕಂಡಿರಲಿಲ್ಲ. ಕಣ್ಣಿಂದ ನೀರು ಧಾರೆಯಾಗಿ ಇಳಿದು ಅಂಗಿಯ ಮೇಲೆ ಬಿತ್ತು, ಒರೆಸಿಕೊಳ್ಳಲಿಲ್ಲ. ಡಾಕ್ಟರಿಗೂ ಅಳು ಬಂತು. ಎದೆ ಹಗುರಾಯಿತು. ಹೇಳಿದ್ದು ಎಷ್ಟು ಒಳ್ಳೆಯದಾಯಿತು, ಎಲ್ಲ ಸರಿಹೋಯಿತು ಎಂದುಕೊಂಡರು. ಮನುಷ್ಯ ಎಷ್ಟು ಬೇಗ ತನ್ನನ್ನು ತಾನು ಕ್ಷಮಿಸಿಕೊಳ್ಳುತ್ತಾನೆ!

"ಅಣ್ಣಂಗೆ ಗೊತ್ತಿತ್ತೇನೋ?"

"ಇದ್ದಿರ್ಬಹುದು ಚಿಕ್ಕಪ್ಪ. ಬಿಚ್ಚಬೇಡಿ ಅಂದಿದ್ದ."

"ಇರ್ಲಿ ಬಿಡು." ಚಿಕ್ಕಪ್ಪ ತುಂಡುಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ಹಾಗೇ ಸಹಜವಾಗಿ ಕೇಳಿದ: "ಯಾವಾಗ ಸಿಕ್ತು ಇದು ನಿಂಗೆ?"

ಇವತ್ತು ಎನ್ನಬಹುದಿತ್ತು. ನಿನ್ನೆ ಎನ್ನಬಹುದಿತ್ತು. ನಾಲಿಗೆಯ ತುದಿಯಲ್ಲಿ ಸುಳ್ಳು ಸಿದ್ಧವಾಗಿ ಕೂತಿತ್ತು. ಡಾಕ್ಟರು ಅದನ್ನು ನುಂಗಿದರು.

"ಬಿಚ್ಚಿದಾಗಲೇ."

"ಬಿಚ್ಚಿದ್ದು ಪ್ರದರ್ಶನಕ್ಕೆ ಮುಂಚೆ ಅಲ್ವಾ?"

"ಹೂಂ."

ಚಿಕ್ಕಪ್ಪ ಬೆರಳು ಮಡಚಿ ವಾರ ಎಣಿಸಿದ. ಪರದೆಯ ಆಚೆ, ಗೂಡಿನಲ್ಲಿದ್ದ ಬಟ್ಟಲಿನ ಕಡೆಗೆ ನೋಡಿದ. "ನನ್ನ ಎದ್ದು ನಿಲ್ಲಿಸಿದಾಗ ನಿಂಗೆ ಗೊತ್ತಿತ್ತು."

"ಗೊತ್ತಿತ್ತು ಚಿಕ್ಕಪ್ಪ. ನಾಳೇನೇ ಹೋಗಿ ಬಟ್ಟಲು ವಾಪಸ್ ಕೊಡ್ತೀನಿ. ಎಲ್ಲರ ಎದುರಿಗೂ ಹೇಳ್ತೀನಿ. ನಾನು..."

ಅವನು ಕೈ ಎತ್ತಿ ತಡೆದ. ಸಿಟ್ಟಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳುವವನ ಮುಖ ಅದು.

"ಅಣ್ಣ ನೋವಲ್ಲಿದ್ದ. ಕಾಲು ಹೋಗಿತ್ತು. ಸಂಕಟದಲ್ಲಿ ಒಂದು ಮಾತು ಅಂದ, ಆಮೇಲೆ ಹಿಂದೆ ತಗೊಳ್ಳೋಕೆ ಆಗ್ಲಿಲ್ಲ. ಅದು ನಂಗೆ ತಿಳಿಯುತ್ತೆ." ಡಬ್ಬಿಯಿಂದ ಕಣ್ಣೆತ್ತಿ ಕೇಳಿದ: "ನಿಂಗೇನಾಗಿತ್ತು ಮರಿ?"

ಡಾಕ್ಟರಿಗೇನೂ ಆಗಿರಲಿಲ್ಲ. ಒಂದು ಬಟ್ಟಲು ಬೇಕಿತ್ತು, ಅಷ್ಟೇ.

ಚಿಕ್ಕಪ್ಪ ಡಬ್ಬಿಯನ್ನು ತನ್ನ ಜೇಬಿಗೆ ಹಾಕಿಕೊಂಡು ಎದ್ದ. ದೀಪ ಆರಿಸಿದ. ಇಬ್ಬರೂ ಹೊರಗೆ ಬಂದರು. ಅವನು ಶಟರ್ ಎಳೆದು ಬೀಗ ಹಾಕಿದ, ಕೀಲಿಯನ್ನು ಅಣ್ಣನ ಮಗನ ಕೈಗೆ ಕೊಟ್ಟು ಮನೆಯ ಕಡೆ ನಡೆದ. ಜಗ್ಗಿ ನೋಡಲಿಲ್ಲ. ತಿರುಗಿಯೂ ನೋಡಲಿಲ್ಲ. ಬೀದಿಯ ತುದಿಯವರೆಗೆ ಸಲೀಸಾಗಿ ನಡೆದು ಮೂಲೆಯಲ್ಲಿ ತಿರುಗಿಬಿಟ್ಟ.

ಡಾಕ್ಟರು ಬೀಗವನ್ನೇ ನೋಡುತ್ತ ನಿಂತರು. ಹತ್ತಿರ ಹೋಗಿ ಜಗ್ಗಿದರು. ಗಟ್ಟಿಯಾಗಿ ಬಿದ್ದಿತ್ತು. ನಾಲ್ಕು ಹೆಜ್ಜೆ ಹೋದರು. ಕಾಲು ಮುಂದೆ ಬರಲಿಲ್ಲ. ವಾಪಸ್ ಬಂದು ಇನ್ನೊಮ್ಮೆ ಜಗ್ಗಿದರು.

ಎದುರಂಗಡಿಯ ದರ್ಜಿ ಬಾಯಿಯಿಂದ ಸೂಜಿ ತೆಗೆದು ಗಟ್ಟಿಯಾಗಿ ನಕ್ಕ. "ಏನ್ ಡಾಕ್ಟರೇ, ಚಿಕ್ಕಪ್ಪನ ಕಾಯಿಲೆ ನಿಮಗೂ ಅಂಟ್ಕೊಂತಾ?"

ಡಾಕ್ಟರು ಬೀಗದ ಮೇಲೆ ಕೈ ಇಟ್ಟುಕೊಂಡೇ "ಹೂಂ" ಎಂದರು.